ಒಂದೂಕಾಲು ಇಂಚು

ಬೀಡಿ ಕಟ್ಟಿನ ಕಾಗದದ ಹಿಂದೆ
ಪಾಲಯ್ಯ ಬರೆದುಕೊಟ್ಟಿದ್ದ:
ಅರ್ಧ ಇಂಚಿನ ಎಲ್ಬೋ ಹದಿನಾಲ್ಕು,
ಟೀ ಆರು, ನಿಪ್ಪಲ್ ಹತ್ತು, ಗೇಟ್ ವಾಲ್ವು ಎರಡು,
ಕೊನೆಗೆ, ಎದ್ದು ಹೊರಟವನು ನೆನಪಾಗಿ ನಿಂತ ಹಾಗೆ,
ಸೆಣಬು.

ಸಂತೇಪೇಟೆಯ ಅಂಗಡಿಯಲ್ಲಿ ಜಬೀವುಲ್ಲಾ
ಚೀಟಿಯನ್ನು ತೋಳುದ್ದ ಹಿಡಿದು ಓದಿದ.
"ಯಾರಿಗಕ್ಕಾ ಇಷ್ಟೊಂದು ಬಿಸಿನೀರು? ಛತ್ರಕ್ಕಾ?"
"ಹುಳಕ್ಕೆ" ಅಂದೆ.

ನಗಲಿಲ್ಲ. ಸ್ಟೂಲು ಸರಿಸಿದ.

ಹೇಳಿದೆ.
ಭರಮಸಾಗರದ ಆಚೆ ನಮ್ಮ ಚಾಕಿ ಮನೆ.
ಗುಡ್ಡದ ಮೇಲೆ ಆ ಬಿಳೀ ಫ್ಯಾನುಗಳನ್ನು ತಿರುಗಿಸುವ ಗಾಳಿಯೇ
ಮಾಗಿಯಲ್ಲಿ ನಮ್ಮ ಕಿಟಕಿಯ ಸಂದಿಗೂ ಬರುತ್ತೆ.
ಆಗತಾನೆ ಒಡೆದ ಮರಿ, ಇರುವೆಗಿಂತ ಸಣ್ಣದು,
ಇಪ್ಪತ್ತೇಳು ಡಿಗ್ರಿ ಇಲ್ಲದಿದ್ದರೆ ಸೊಪ್ಪು ಮೂಸುವುದಿಲ್ಲ.
ಹೋದ ವರ್ಷ ಬಾಂಡಲಿಯಲ್ಲಿ ಕೆಂಡ ಇಟ್ಟೆ.
ಎರಡನೇ ಜ್ವರಕ್ಕೆ ಕೂತವು, ತಲೆ ಎತ್ತಿಕೊಂಡು.
ಹೊಗೆ ಕುಡಿದವು. ಇಳಿಸಲೇ ಇಲ್ಲ.
ಮುನ್ನೂರು ಮೊಟ್ಟೆಯ ಹುಳ,
ಮೊರದಲ್ಲಿ ತುಂಬಿ ತಿಪ್ಪೆಗೆ ಹೊತ್ತದ್ದು ನಾನೇ.

ಅದಕ್ಕೇ ಒಲೆ ಗೋಡೆಯ ಆಚೆ.
ನೀರು ಮಾತ್ರ ಒಳಗೆ ಬಂದು ಹೋಗಲಿ.

"ಪಂಪು?"
"ರಾತ್ರಿ ಕರೆಂಟು ನಂಬಿಕೊಂಡು ಹುಳ ಸಾಕೋಕಾಗುತ್ತಾ?"

ಆಗ ಅವನು ಕಿವಿಯ ಪೆನ್ನು ತೆಗೆದು
ಪಾಲಯ್ಯನ ಅರ್ಧ ಇಂಚನ್ನು ಹೊಡೆದು ಹಾಕಿದ.
"ತಾನಾಗಿ ನಡೆಯೋ ನೀರಿಗೆ ದಾರಿ ಅಗಲ ಬೇಕು.
ಒಂದೂಕಾಲು.
ಎಲ್ಬೋ ಬೇಡ. ಗಕ್ಕನೆ ತಿರುಗು ಅಂದ್ರೆ ನಿಂತುಬಿಡುತ್ತೆ,
ದನ ಸಂದಿಯಲ್ಲಿ ನಿಂತ ಹಾಗೆ. ಬೆಂಡು ಒಯ್ಯಿ,
ಉದ್ದ ಬಾಗಿದ್ದು, ಈ ತರ."
ಒಂದನ್ನು ಕೈಗಿಟ್ಟ.
ಕಪ್ಪು ಎಣ್ಣೆ ಅಂಗೈಗೆ ಅಂಟಿತು.
ಎಮ್ಮೆಯ ಕೊಂಬಿನಷ್ಟು ಭಾರ,
ಅಷ್ಟೇ ಸಲೀಸಾದ ತಿರುವು.

ಪ್ಲಾಸ್ಟಿಕ್ಕು ಅಗ್ಗ ಅಲ್ಲವಾ, ಕೇಳಿದೆ.
"ಒಲೆಯಿಂದ ಎರಡು ಮಾರು ದಾಟಿದ ಮೇಲೆ ಕೇಳು."

ಯೂನಿಯನ್ ನಾಲ್ಕು ಸೇರಿಸಿದ, ಚೀಟಿಯಲ್ಲಿ ಇಲ್ಲದ್ದು.
ಬಿಚ್ಚುವ ದಿನ ಬಂದೇ ಬರುತ್ತಂತೆ,
ಆವತ್ತು ಇಡೀ ಮನೆ ಕೀಳಬಾರದಂತೆ.

ಮೇಲಿನ ಪೈಪಿನ ವಾಲ್ವಿಗೆ ಬಂದಾಗ
ಪೆನ್ನು ನಿಂತಿತು.
"ಇದು ಕೊಡಲ್ಲ."
"ದುಡ್ಡು ಕೊಡ್ತೀನಲ್ಲ."
"ಉಸಿರಿಗೆ ಬೀಗ ಹಾಕಬಾರದು.
ಸೂರಿನ ಮೇಲಕ್ಕೆ ಬಾಯಿ ತೆರೆದು ಬಿಡು, ಉಗಿ ಹೋಗಲಿ."
ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇದ್ದನಂತೆ ಹುಡುಗನಾಗಿ.
ಅಷ್ಟೇ ಹೇಳಿದ.
ಆಗ ಕಂಡೆ,
ಅವನ ಎಡಗಣ್ಣಿನ ಮೇಲೆ ಹುಬ್ಬೇ ಇಲ್ಲ.

ಮುನ್ನೂರ ನಲವತ್ತು ಕಮ್ಮಿ ಬಿತ್ತು.
ಹಿತ್ತಾಳೆ ವಾಲ್ವು ವಾಪಸ್ಸು ತೆಗೆದು
ಕಬ್ಬಿಣದ್ದು ಇಟ್ಟ, ಕೆಳಗಿನ ಪೈಪಿಗೆ.
ಸೆಣಬಿಗೆ, ಬಿಳೀ ಪೇಂಟಿನ ಡಬ್ಬಿಗೆ ಲೆಕ್ಕ ಹಾಕಲಿಲ್ಲ.
ಗೋಣಿಚೀಲದ ಬೆಂಡುಗಳಿಗೆ ಕಂಡಕ್ಟರು
ಅರ್ಧ ಟಿಕೆಟ್ಟು ಹರಿದ.

ಪಾಲಯ್ಯ ಒಂದು ದಿನ ಮಾತು ಬಿಟ್ಟ,
ಎರಡನೇ ದಿನ ರಿಂಚು ಹಿಡಿದ.
ಹೋಗುವಾಗ ಬೆರಳಷ್ಟು ಏರು, ಬರುವಾಗ ಬೆರಳಷ್ಟು ಇಳಿ:
ಮಟ್ಟಗೋಲಿನ ಗುಳ್ಳೆಯನ್ನು ಇಬ್ಬರೂ
ಕಣ್ಣು ಕಿರಿದು ಮಾಡಿ ಕಾದೆವು.

ಈಗ ರಾತ್ರಿ ಎರಡೂವರೆ.
ಎಲೆ ಉಂಡವರು ಒಳಗೆ.
ಉಳಿದ ಕಡ್ಡಿ ಹೊರಗೆ ಚಟಚಟ.
ಪೈಪಿಗೆ ಕಿವಿ ಇಡಲು ಹೋಗಿ ಸುಟ್ಟುಕೊಂಡೆ,
ಖುಷಿಗೆ ಬೈದುಕೊಂಡೆ.
ಯಾರೂ ನೂಕದ ನೀರು,
ಬಿಸಿಯಾದದ್ದಕ್ಕೆ ಏರುತ್ತಿದೆ,
ತಣಿದದ್ದಕ್ಕೆ ಮರಳುತ್ತಿದೆ,
ಹೇಳಿಸಿಕೊಳ್ಳದೆ.

ಇಪ್ಪತ್ತೇಳು. ತಟ್ಟೆ ತಟ್ಟೆಯಲ್ಲೂ
ತಲೆ ಎತ್ತಿ ಕೂತಿವೆ, ಜ್ವರದಲ್ಲಿ, ಸದ್ದಿಲ್ಲ.
ಹೋದ ವರ್ಷವೂ ಹೀಗೇ ಕೂತಿದ್ದವು.
ನೋಡುತ್ತ ನಿಂತರೆ ಗೊತ್ತಾಗುವುದಿಲ್ಲ.

ಮೂರನೇ ಯೂನಿಯನ್ನಿನಲ್ಲಿ ಒಂದು ಹನಿ
ತುಂಬುತ್ತೆ, ತಡೆಯುತ್ತೆ, ಬೀಳುತ್ತೆ.
ಬೆಳಗ್ಗೆ ಪಾಲಯ್ಯ ಬರಲಿ.
ಅಲ್ಲಿಗಂಟ ಕೆಳಗೆ
ನನ್ನ ಟೀ ಲೋಟ.